ಎಷ್ಟು ಸಿಗುತ್ತಿದೆ ಅಂತಲ್ಲ, ಎಷ್ಟು ಉಳಿದಿದೆ ಅಂತ ನೋಡಿ

ಕಾರ್ಖಾನೆ ವಿಸ್ತರಣೆಯ ವರದಿ ಬರೆಯುತ್ತಿದ್ದೀರಿ, ಅದರಲ್ಲಿ ಬೆಳವಣಿಗೆಗೆ ಎಷ್ಟು ಒತ್ತು, ಪರಿಸರಕ್ಕೆ ಎಷ್ಟು ಒತ್ತು ಕೊಡಬೇಕು ಅಂತ ಕೇಳಿದ್ದೀರಿ. ಅಂಥದ್ದೇ ವರದಿಯನ್ನು ನಾನೂ ಒಮ್ಮೆ ಬರೆದಿದ್ದೆ.

ನಮ್ಮದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಆರ್ಡರ್ ಬೇಕಾದಷ್ಟಿತ್ತು, ಸಾಲವೂ ಸಿಗುತ್ತಿತ್ತು. ಈ ಕೆಲಸಕ್ಕೆ ನೀರು ಜಾಸ್ತಿ ಬೇಕು. ಬಣ್ಣ ಹಾಕುವುದಕ್ಕಿಂತ ಆಮೇಲೆ ಮತ್ತೆ ಮತ್ತೆ ತೊಳೆಯುವುದಕ್ಕೇ ಹೆಚ್ಚು. ನೀರೆಲ್ಲ ಕೊಳವೆಬಾವಿಯದು. ವರದಿಯಲ್ಲಿ ನೀರಿನ ಬಗ್ಗೆ ನಾನು ಬರೆದದ್ದು ಒಂದೇ ಸಾಲು: ಬೇಕಾದಷ್ಟು ನೀರು ತೊಂದರೆಯಿಲ್ಲದೆ ಸಿಗುತ್ತಿದೆ.

ಆ ಸಾಲಿನಲ್ಲಿ ಸುಳ್ಳೇನೂ ಇರಲಿಲ್ಲ. ಹಾಗಾಗಿಯೇ ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳುತ್ತೇನೆ. ನಾನು ನೋಡಿದ್ದು ನೀರಿನ ಮೀಟರ್ ಮಾತ್ರ. ದಿನಕ್ಕೆ ಎಷ್ಟು ಲೀಟರ್ ಬಂತು ಅನ್ನುವುದನ್ನು ಅದು ಹೇಳುತ್ತದೆ. ಒಳಗೆ ಎಷ್ಟಿದೆ ಅಂತ ಹೇಳುವುದಿಲ್ಲ. ನೀರು ಸ್ವಲ್ಪ ಕಡಿಮೆಯಾದಾಗೆಲ್ಲ ಪಂಪಿನವರು ಇನ್ನೊಂದು ಪೈಪು ಸೇರಿಸಿ ಪಂಪನ್ನು ಕೆಳಗೆ ಇಳಿಸುತ್ತಿದ್ದರು. ಒಮ್ಮೆ ಹೆಚ್ಚು ಶಕ್ತಿಯ ಮೋಟರನ್ನೇ ಹಾಕಿದರು. ಮರುದಿನ ಮೀಟರ್ ಮತ್ತೆ ಹಳೆಯ ಅಂಕಿಯನ್ನೇ ತೋರಿಸುತ್ತಿತ್ತು. ನನಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತಿತ್ತು. ನಿಜಕ್ಕೂ ಪ್ರತಿ ರಿಪೇರಿಯೂ ನೀರು ಇಳಿಯುತ್ತಿರುವುದನ್ನು ನನ್ನ ಕಣ್ಣಿಂದ ಮರೆ ಮಾಡುತ್ತಿತ್ತು.

ಸುಳಿವು ಇನ್ನೊಂದು ಕಡೆ ಇತ್ತು, ಕರೆಂಟ್ ಬಿಲ್ಲಿನಲ್ಲಿ. 1,000 ಲೀಟರ್ ನೀರನ್ನು 100 ಮೀಟರ್ ಮೇಲೆತ್ತಲು ಲೆಕ್ಕದ ಪ್ರಕಾರ ಸುಮಾರು 0.27 ಯೂನಿಟ್ ವಿದ್ಯುತ್ ಬೇಕು. ಪಂಪು, ಮೋಟರಿನಲ್ಲಿ ಆಗುವ ನಷ್ಟ ಸೇರಿದರೆ ಇನ್ನೂ ಜಾಸ್ತಿ. ನೀರು 200 ಮೀಟರಿಗೆ ಇಳಿದರೆ ಅದೇ ನೀರಿಗೆ ವಿದ್ಯುತ್ ಎರಡರಷ್ಟು. ಪಂಪಿಗೆ ಬೇರೆ ಮೀಟರ್ ಇದ್ದಿದ್ದರೆ ಇದು ಯಾವಾಗಲೋ ಕಾಣುತ್ತಿತ್ತು. ನಾನು ಅದನ್ನು ಇಡೀ ಕಾರ್ಖಾನೆಯ ಬಿಲ್ಲಿಗೆ ಸೇರಿಸಿಬಿಟ್ಟಿದ್ದೆ. ಇನ್ನೂ ದೊಡ್ಡ ಸುಳಿವು ಅಕ್ಕಪಕ್ಕದ ಕೃಷಿಕರದು. ಅವರ ಬಾವಿಗಳ ಆಳ ಕಡಿಮೆ, ಹಾಗಾಗಿ ಮೊದಲು ಬತ್ತಿದ್ದು ಅವೇ. ಗೇಟಿನ ತನಕ ಬಂದು ಹೇಳಿದ್ದರು. ಅದನ್ನು ಅವರ ಕಷ್ಟ ಅಂತ ತಿಳಿದೆವು, ನಮ್ಮ ನೀರಿನ ಸುದ್ದಿ ಅಂತ ತಿಳಿಯಲಿಲ್ಲ.

ಹೊಸ ಯಂತ್ರಗಳು ಬಂದವು. ಹೆಚ್ಚು ಕಾಲ ಓಡಲಿಲ್ಲ. ಹೊಸದಾಗಿ ಕೊರೆಸಿದ ಬಾವಿಗಳಲ್ಲಿ ಧೂಳು ಬಂತು. ಟ್ಯಾಂಕರ್ ನೀರಿಗೆ ಕೊಟ್ಟ ದುಡ್ಡು ಲಾಭವನ್ನೆಲ್ಲ ತಿಂದಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ರಾತ್ರಿ ಪಾಳಿ ಮುಚ್ಚಿದೆವು. ವಿಸ್ತರಣೆಗೆಂದೇ ಸೇರಿಸಿಕೊಂಡವರು ಮೊದಲು ಕೆಲಸ ಕಳೆದುಕೊಂಡರು. ನನ್ನ ವರದಿಯಲ್ಲಿ 'ಉದ್ಯೋಗ ಸೃಷ್ಟಿ' ಅಂತ ಬರೆದಿದ್ದೆನಲ್ಲ, ಅವರೇ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ 'ಕಾಡ್' ಅನ್ನುವ ಮೀನು ಹಿಡಿಯುವವರ ಕಥೆ ಓದಿದಾಗ ಎದೆ ಧಸಕ್ಕೆಂದಿತು. ಅಲ್ಲಿ ಸಮುದ್ರದಲ್ಲಿ ಎಷ್ಟು ಮೀನಿದೆ ಅಂತ ಅಂದಾಜು ಮಾಡಲು ದೊಡ್ಡ ದೋಣಿಗಳಿಗೆ ಸಿಗುತ್ತಿದ್ದ ಮೀನಿನ ಲೆಕ್ಕವನ್ನು ತುಂಬಾ ನಂಬಿದ್ದರು. ದೋಣಿ, ಬಲೆ, ಮೀನು ಪತ್ತೆ ಮಾಡುವ ಉಪಕರಣ ಎಲ್ಲವೂ ಸುಧಾರಿಸುತ್ತಾ ಹೋದವು. ಉಳಿದ ಮೀನು ಗುಂಪುಗೂಡಿದ ಕಡೆಗೇ ದೋಣಿಗಳು ಹೋದವು. ಬಲೆ ತುಂಬುತ್ತಲೇ ಇತ್ತು, ಸಮುದ್ರ ಖಾಲಿಯಾಗುತ್ತಿತ್ತು. 1992ರಲ್ಲಿ ಸರ್ಕಾರ ಮೀನುಗಾರಿಕೆಯನ್ನೇ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ನಿಷೇಧ ತೆಗೆದದ್ದು 2024ರಲ್ಲಿ.

ದೇಶದ ಲೆಕ್ಕದಲ್ಲೂ ಇದೇ ತೊಂದರೆ. ಕಾಡು ಕಡಿದು ಮರ ಮಾರಿದರೆ ಜಿಡಿಪಿಗೆ ಸೇರುತ್ತದೆ. ಹೋದ ಕಾಡನ್ನು ಅದು ಕಳೆಯುವುದಿಲ್ಲ. ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಸೈಮನ್ ಕುಜ್ನೆಟ್ಸ್, ಈ ಅಂಕಿಯಿಂದ ದೇಶದ ಕ್ಷೇಮವನ್ನು ಅಳೆಯಲಾಗದು ಅಂತ 1934ರಲ್ಲೇ ಎಚ್ಚರಿಸಿದ್ದರು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀರು ಒಂದು ಕಡೆ, ಕಾರ್ಖಾನೆ ಇನ್ನೊಂದು ಕಡೆ ಇದ್ದರೆ ತಾನೇ ಇದಕ್ಕಿಷ್ಟು ಅದಕ್ಕಿಷ್ಟು ಅಂತ ಹಂಚುವುದು? ನಮ್ಮ ಕಾರ್ಖಾನೆ ನಿಂತದ್ದೇ ಆ ನೀರಿನ ಮೇಲೆ. 'ಮೊದಲು ಬೆಳೆಯೋಣ, ಆಮೇಲೆ ಸರಿ ಮಾಡೋಣ' ಅನ್ನುವವರ ಮಾತೂ ಕೇಳಬೇಡಿ. ಚಿಮಣಿಗೆ ಶೋಧಕ ಹಾಕಿದರೆ ಹೊಗೆ ಕಡಿಮೆಯಾದೀತು. ಬರಿದಾದ ಅಂತರ್ಜಲಕ್ಕೆ ಅಂಥ ಉಪಕರಣ ಇಲ್ಲ.

ನೀರು ಉಳಿಸುವ ಯಂತ್ರ ತಂದರೆ ಸಾಕು ಅಂತಲೂ ಯಾರಾದರೂ ಹೇಳುತ್ತಾರೆ. ತನ್ನಿ, ಒಳ್ಳೆಯದೇ. ಆದರೆ ಉಳಿದ ನೀರಲ್ಲಿ ಇನ್ನಷ್ಟು ಬಟ್ಟೆ ತೊಳೆದರೆ ಬಾವಿಗೆ ಏನು ಉಳಿಯಿತು? ಕಲ್ಲಿದ್ದಲಿನ ವಿಷಯದಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಇದನ್ನು ತೋರಿಸಿದ್ದರು: ಕಡಿಮೆ ಇದ್ದಲಲ್ಲಿ ಓಡುವ ಎಂಜಿನ್ ಬಂದಮೇಲೆ ಇದ್ದಲಿನ ಬಳಕೆ ಹೆಚ್ಚೇ ಆಯಿತು. ದಿನಕ್ಕೆ ಇಷ್ಟೇ ನೀರು ಎತ್ತುವುದು ಅಂತ ಮೊದಲು ಮಿತಿ ಹಾಕಿ. ಎಷ್ಟು ಯಂತ್ರ ಅನ್ನುವುದು ಅದರ ಮೇಲೆ ತೀರ್ಮಾನವಾಗಲಿ.

ವರದಿ ಸಲ್ಲಿಸುವ ಮುಂಚೆ ಒಂದು ವರ್ಷದ ನೀರಿನ ಮಟ್ಟ ಕೈಯಲ್ಲಿರಲಿ, ಬೇಸಿಗೆಯದೂ ಮಳೆಗಾಲದ ನಂತರದ್ದೂ. ಪಂಪು ಓಡುವಾಗ ಅಳೆಯಬೇಡಿ. ನಿಲ್ಲಿಸಿ, ನೀರು ಮೇಲೇರಿ ನಿಂತಮೇಲೆ ಅಳೆಯಿರಿ. ಅಳೆಯುವ ಕೆಲಸ ಉತ್ಪಾದನೆಯ ಗುರಿ ಇರುವವರ ಕೈಗೆ ಹೋಗದಿರಲಿ. ಸುತ್ತಲಿನವರ ಬಾವಿಗಳನ್ನೂ ಅದೇ ಪಟ್ಟಿಯಲ್ಲಿ ಬರೆದುಕೊಳ್ಳಿ. ಮ್ಯಾನೇಜರ್ ಒಂದು ವರ್ಷ ಕಾಯಲು ಒಪ್ಪದಿದ್ದರೆ, ಆ ವರದಿಗೆ ನೀವು ಸಹಿ ಹಾಕಬೇಡಿ.