ಕಪ್ಪಟ್ರಾಳ್ಳ ಕಡೆ ಯುರೇನಿಯಂಗೆ ಬೋರ್ ಕೊರೆದರೆ ನಮ್ಮ ನೀರು ಕೆಡುತ್ತಾ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಯುರೇನಿಯಂ ಹುಡುಕಲು ಬೋರ್ ಕೊರೆದರೆ ಸುತ್ತಲಿನ ನೀರು ವಿಷ ಆಗುತ್ತಾ ಅನ್ನುವುದು ಒಂದು. ಆಲೂರು ಪಕ್ಕದ ನಿಮ್ಮ ಮಾವನವರ ಶೇಂಗಾ ಹೊಲವನ್ನು ಈಗಲೇ ಮಾರಿಬಿಡಬೇಕಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಮೊದಲು ಹೇಳುತ್ತೇನೆ: ಮಾರಬೇಡಿ. ಹೆದರಿಕೊಂಡು ಮಾರುವವರ ಹೊಲಕ್ಕೆ ಕೊಳ್ಳುವವರು ಯಾವತ್ತೂ ಸರಿಯಾದ ರೇಟು ಕೊಡುವುದಿಲ್ಲ. ಅಷ್ಟು ಅವಸರ ಮಾಡುವಂಥದ್ದು ಅಲ್ಲಿ ಇನ್ನೂ ಏನೂ ನಡೆದಿಲ್ಲ.

ನಾನು ಆದೋನಿಯವನು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು. ಜಿಯಾಲಜಿ ಓದಿ ಕೆಲವು ವರ್ಷ ಡ್ರಿಲ್ಲಿಂಗ್ ಕಾಂಟ್ರಾಕ್ಟರ್ ಒಬ್ಬರ ಹತ್ತಿರ ಕೆಲಸ ಮಾಡಿದೆ. ಈಗ ರೈತರಿಗೆ ಬೋರ್ ಪಾಯಿಂಟ್ ನೋಡಿಕೊಡುತ್ತೇನೆ. ಹಾಗಾಗಿ ಈ ವಿಷಯ ನನಗೆ ಹೊಟ್ಟೆಪಾಡಿನದೂ ಹೌದು, ಊರಿನದೂ ಹೌದು.

ಕಪ್ಪಟ್ರಾಳ್ಳದಲ್ಲಿ ಆಗಿದ್ದು ಇಷ್ಟು. ಕರ್ನೂಲು ಜಿಲ್ಲೆ ದೇವನಕೊಂಡ ಮಂಡಲದ ಆ ರಿಸರ್ವ್ ಫಾರೆಸ್ಟಿನಲ್ಲಿ 6.8 ಹೆಕ್ಟೇರ್ ಜಾಗದಲ್ಲಿ 68 ಬೋರ್ ಕೊರೆದು ನೋಡುವ ಯೋಜನೆ ಇತ್ತು. 2024ರ ಕೊನೆಗೆ ಸುತ್ತಲಿನ ಊರಿನವರು ರಸ್ತೆಗೆ ಇಳಿದರು. ಕೆಲಸ ನಿಲ್ಲಿಸುತ್ತೇವೆ ಅಂತ ರಾಜ್ಯ ಸರ್ಕಾರ ಹೇಳಿತು. ಅಲ್ಲಿ ಗಣಿ ಬಂದಿಲ್ಲ. ಗಣಿ ಮಾಡುವಷ್ಟು ಅದಿರು ಇದೆಯಾ ಅಂತ ನೋಡುವ ಹಂತದಲ್ಲೇ ಅದು ನಿಂತಿತು.

ಹುಡುಕುವವರು ಬೇರೆ, ಅಗೆಯುವವರು ಬೇರೆ. ಹುಡುಕುವುದು ಎಎಂಡಿ, ಅಂದರೆ ಕೇಂದ್ರದ ಅಣು ಖನಿಜ ನಿರ್ದೇಶನಾಲಯ. ಅದರ ಹೆಡ್ ಆಫೀಸ್ ಹೈದರಾಬಾದಿನಲ್ಲಿದೆ. ಅಗೆಯುವುದು ಯುಸಿಐಎಲ್ ಅನ್ನುವ ಸರ್ಕಾರಿ ಕಂಪನಿ, 1967ರಲ್ಲಿ ಶುರುವಾದದ್ದು. ಹುಡುಕಿದ ಕಡೆಯೆಲ್ಲ ಗಣಿ ಆಗುವುದಿಲ್ಲ. ಮೇಘಾಲಯದ ಡೊಮಿಯಾಸಿಯಾಟ್‌ನಲ್ಲಿ ಒಳ್ಳೆಯ ಅದಿರು ಸಿಕ್ಕಿ ದಶಕಗಳೇ ಆದವು. ಜನ ಒಪ್ಪಲಿಲ್ಲ, ಗಣಿ ಬರಲಿಲ್ಲ. ನಲ್ಗೊಂಡದ ಲಂಬಾಪುರದ್ದೂ ಹೆಚ್ಚು ಕಡಿಮೆ ಅದೇ ಕಥೆ. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲೂ ಯುರೇನಿಯಂ ಸಿಕ್ಕಿದೆ. ಅಲ್ಲಿಯೂ ಊರಿನವರ ವಿರೋಧ ಇದೆ.

ಇನ್ನು ಬೋರ್ ವಿಷಯ. ಹುಡುಕಲು ಕೊರೆಯುವ ತೂತು ನಮ್ಮ ಹೊಲದ ಬೋರಿಗಿಂತ ಸಣ್ಣದು. ಕಲ್ಲು ಕೊರೆಯುವ ಡ್ರಿಲ್ ಬಿಟ್‌ನ ಬಾಯಿಗೆ ವಜ್ರದ ಚೂರು ಕೂರಿಸಿರುತ್ತಾರೆ, ನಡುವೆ ಟೊಳ್ಳು. ಕಲ್ಲು ಪುಡಿಯಾಗುವುದಿಲ್ಲ, ಕೋಲಿನ ಹಾಗೆ ಉದ್ದಕ್ಕೆ ಹೊರಗೆ ಬರುತ್ತದೆ. ಇದನ್ನೇ ಕೋರ್ ಅನ್ನುತ್ತೇವೆ. ಉದ್ದನೆ ಬಾಕ್ಸಿನಲ್ಲಿ ಸಾಲಾಗಿ ಜೋಡಿಸಿ, ಯಾವುದು ಎಷ್ಟು ಮೀಟರ್ ಆಳದ್ದು ಅಂತ ಪಕ್ಕದಲ್ಲಿ ಬರೆಯುತ್ತೇವೆ. ನಮ್ಮ ಕಡೆಯ ಗ್ರಾನೈಟ್ ಕೋರ್ ನೀರು ಹಾಕಿ ಒರೆಸಿದರೆ ಬೂದು, ಗುಲಾಬಿ ಚುಕ್ಕೆ ಎದ್ದು ಕಾಣುತ್ತವೆ. ಹೀಗೆ ಗಟ್ಟಿಯಾಗಿ ಬರುತ್ತಾ ಬರುತ್ತಾ ಒಂದು ಕಡೆ ಕಲ್ಲು ತುಂಡು ತುಂಡಾಗಿ ಬರುತ್ತದೆ. ಬಣ್ಣ ಹಸಿರಿಗೋ ಇಟ್ಟಿಗೆ ಕೆಂಪಿಗೋ ತಿರುಗಿರುತ್ತದೆ. ಅಲ್ಲಿ ಬಿರುಕು ಇದೆ ಅಂತ ಅರ್ಥ. ಗ್ರಾನೈಟ್ ಸೀಮೆಯಲ್ಲಿ ಯುರೇನಿಯಂ ಹುಡುಕುವವರು ಕಣ್ಣಿಡುವುದು ಇಂಥ ಬಿರುಕಿನ ಮೇಲೆಯೇ. ಹಿಂದೆ ಯಾವುದೋ ಕಾಲದಲ್ಲಿ ಹರಿದ ನೀರು ಯುರೇನಿಯಂ ತಂದು ಕೂರಿಸುವುದು ಅಲ್ಲೇ. ಆಮೇಲೆ ತೂತಿನೊಳಗೆ ಕೇಬಲ್ಲಿಗೆ ಕಟ್ಟಿದ ಗಾಮಾ ಮೀಟರ್ ಇಳಿಸಿ, ಯಾವ ಆಳದಲ್ಲಿ ವಿಕಿರಣ ಜಾಸ್ತಿ ಇದೆ ಅಂತ ನೋಡುತ್ತಾರೆ.

ಇಲ್ಲೊಂದು ಮಾತು ದಯವಿಟ್ಟು ಗಮನಿಸಿ. ನಾನು ಬೋರ್ ಪಾಯಿಂಟ್ ನೋಡುವಾಗಲೂ ಹುಡುಕುವುದು ಇದೇ ಬಿರುಕನ್ನು. ಗಟ್ಟಿ ಗ್ರಾನೈಟಿನಲ್ಲಿ ನೀರು ಓಡಾಡುವುದಕ್ಕೆ ಬೇರೆ ದಾರಿ ಇಲ್ಲ. ನಿಮ್ಮ ಮಾವನವರ ಮೋಟರ್ ಎತ್ತುವ ನೀರು ಮತ್ತು ಯುರೇನಿಯಂ, ಎರಡೂ ಒಂದೇ ಬಿರುಕಿನಲ್ಲಿ ಇರಬಹುದು. ಹಾಗಂತ ಕೋರ್ ತೂತು ಕೊರೆದ ಕೂಡಲೇ ನೀರು ವಿಷ ಆಗುವುದಿಲ್ಲ. ಆದರೆ ಕೆಲಸ ಮುಗಿದ ಮೇಲೆ ತೂತಿಗೆ ಸಿಮೆಂಟ್ ತುಂಬಲೇಬೇಕು. ಸುಮ್ನೆ ಬಿಟ್ಟು ಹೋದರೆ ಕೆಳಗಿನ ನೀರು, ಮೇಲಿನ ನೀರು ಒಂದಾಗುತ್ತದೆ. ಬೋರ್ ಹಾಕುವ ಮಾತು ಮತ್ತೆ ಬಂದರೆ ಮೊದಲು ಕೇಳಬೇಕಾದ್ದು ಇದನ್ನೇ.

ಗಣಿ ಅಂದರೆ ಮಾತೇ ಬೇರೆ. ಅದಕ್ಕೆ ನಾವು ದೂರ ನೋಡಬೇಕಿಲ್ಲ. ನಮ್ಮದೇ ಆಂಧ್ರದ ಕಡಪ ಜಿಲ್ಲೆಯ ತುಮ್ಮಲಪಲ್ಲೆ ಇದೆ. ಅಲ್ಲಿಯ ಅದಿರಿನಲ್ಲಿರುವ ಯುರೇನಿಯಂ ಲೆಕ್ಕ ಒಂದೂವರೆ ಲಕ್ಷ ಟನ್ ಮುಟ್ಟಬಹುದು ಅಂತ 2011ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷ ಶ್ರೀಕುಮಾರ್ ಬ್ಯಾನರ್ಜಿ ಹೇಳಿದ್ದರು. ಪ್ರಪಂಚದ ದೊಡ್ಡ ನಿಕ್ಷೇಪಗಳಲ್ಲಿ ಒಂದು ಅಂತ ಪೇಪರಿನಲ್ಲೆಲ್ಲ ಬಂತು. ಆದರೆ ಅದಿರು ತೆಳುವಾದದ್ದು. ಒಂದು ಟನ್ ಕಲ್ಲಿನಲ್ಲಿ ಯುರೇನಿಯಂ ಸಿಗುವುದು ಸುಮಾರು ಅರ್ಧ ಕೆಜಿಯೊಳಗೆ. ಕೆನಡಾದ ಸಿಗಾರ್ ಲೇಕ್ ಗಣಿಯಲ್ಲಿ ಒಂದು ಟನ್ನಿಗೆ ನೂರು ಕೆಜಿ ಮೀರಿ ಸಿಗುತ್ತದೆ. ವ್ಯತ್ಯಾಸ ಎಷ್ಟು ನೋಡಿ.

ತೆಳು ಅದಿರಿನ ಕಷ್ಟ ಶುರುವಾಗುವುದು ಇಲ್ಲೇ. ತುಮ್ಮಲಪಲ್ಲೆ ಮಿಲ್ಲನ್ನು ಕಟ್ಟಿರುವುದು ದಿನಕ್ಕೆ 3000 ಟನ್ ಕಲ್ಲು ಅರೆಯುವ ಲೆಕ್ಕಕ್ಕೆ. ಅಲ್ಲಿಯ ಕಲ್ಲು ಸುಣ್ಣದ ಜಾತಿಯದು, ಆಸಿಡ್ ಹಾಕಿದರೆ ಆಸಿಡ್ಡನ್ನೇ ತಿಂದುಬಿಡುತ್ತದೆ. ಅದಕ್ಕೇ ಜಾರ್ಖಂಡಿನ ಜಾದೂಗುಡದ ಹಾಗೆ ಗಂಧಕಾಮ್ಲ ಬಳಸದೆ, ಸೋಡಾ ಕ್ಷಾರದಲ್ಲಿ, ಒತ್ತಡ ಕೊಟ್ಟು ಬೇಯಿಸಿ ಯುರೇನಿಯಂ ಬಿಡಿಸುತ್ತಾರೆ. ಬರುವ ಹಳದಿ ಪುಡಿ ಹೈದರಾಬಾದಿನ ಇಂಧನ ಕಾರ್ಖಾನೆಗೆ ಹೋಗುತ್ತದೆ. ಉಳಿದ ಕೆಸರು? ಅರೆದ ಕಲ್ಲೆಲ್ಲ ಹೆಚ್ಚು ಕಡಿಮೆ ಕೆಸರಾಗಿಯೇ ಉಳಿಯುತ್ತದೆ. ಅದನ್ನು ಟೇಲಿಂಗ್ ಪಾಂಡ್ ಅನ್ನುವ ದೊಡ್ಡ ಕೆರೆಯಂಥ ಕಟ್ಟೆಗೆ ಬಿಡುತ್ತಾರೆ. ಯುರೇನಿಯಂ ತೆಗೆದ ಮೇಲೂ ಅದಿರಿನ ವಿಕಿರಣದಲ್ಲಿ ನೂರಕ್ಕೆ ಸುಮಾರು 85 ಪಾಲು ಆ ಕೆಸರಿನಲ್ಲೇ ಇರುತ್ತದೆ. ಯಾಕಂದರೆ ರೇಡಿಯಂ, ಥೋರಿಯಂ ಅಂಥವನ್ನು ಮಿಲ್ಲು ತೆಗೆಯುವುದಿಲ್ಲ. ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಕಂಪನಿ, ಸರ್ಕಾರ, ನಾವು ನೀವು ಯಾರೂ ಅಷ್ಟು ಕಾಲ ಇರುವುದಿಲ್ಲ. ಕಟ್ಟೆ ಇರಬೇಕು.

ಕಡಪದ ರೈತರು ಬೋರ್ ನೀರು ಕೆಟ್ಟಿದೆ, ಬಾಳೆ ಹಾಳಾಗಿದೆ ಅಂತ ವರ್ಷಗಳಿಂದ ದೂರು ಹೇಳುತ್ತಿದ್ದಾರೆ. ನಮ್ಮಿಂದ ಅಲ್ಲ ಅಂತ ಕಂಪನಿ ಹೇಳುತ್ತದೆ. ನನಗೆ ತುಂಬಾ ನೋವಾಗುವುದು ಈ ಜಗಳ ತೀರದೆ ಇರುವುದಕ್ಕೆ. ಗಣಿ ಬರುವ ಮೊದಲು ಆ ಹೊಲದ ನೀರು ಹೇಗಿತ್ತು ಅಂತ ರೈತನ ಕೈಯಲ್ಲಿ ಒಂದು ಕಾಗದ ಇಲ್ಲದಿದ್ದರೆ ಅವನು ಏನು ತೋರಿಸಬೇಕು?

ಯುರೇನಿಯಂ ಬೇಡವೇ ಬೇಡ ಅನ್ನುವವನು ನಾನಲ್ಲ. ಕೈಗಾದ ರಿಯಾಕ್ಟರ್‌ಗಳು ಓಡುವುದು ಇದರಿಂದಲೇ. ನಮ್ಮಲ್ಲಿ ಸಾಲದ್ದಕ್ಕೆ ಕಜಕಸ್ತಾನ, ರಷ್ಯಾ, ಕೆನಡಾದಿಂದ ತರಿಸಿದ್ದೇವೆ. ಆದರೆ ಊರಿನವರನ್ನು ಕೇಳದೆ ಮಾಡಬಾರದು. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಇಲಾಖೆ ಅಣು ಖನಿಜದ ಗಣಿಗಳಿಗೆ ಜನರ ಅಹವಾಲು ಸಭೆ ಬೇಕಿಲ್ಲ ಅಂತ ಆದೇಶ ಮಾಡಿತು. ಅದು ತಪ್ಪು ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. 1600 ವರ್ಷ ಕೆಸರಿನ ಪಕ್ಕ ಇರಬೇಕಾದವರಿಗೆ ಒಂದು ದಿನ ಮಾತಾಡುವ ಹಕ್ಕಾದರೂ ಬೇಡ್ವಾ?

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಗಣಿ ಇಲ್ಲದಿದ್ದರೂ ಗ್ರಾನೈಟ್ ಸೀಮೆಯ ಆಳದ ಬೋರಿನಲ್ಲಿ ಯುರೇನಿಯಂ ಇರಬಹುದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಬೋರ್‌ಗಳಲ್ಲಿ ಮಿತಿ ಮೀರಿ ಸಿಕ್ಕಿದೆ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಪೆಟ್ಟು ಬೀಳುವುದು ಕಿಡ್ನಿಗೆ. ಕುದಿಸಿದರೆ ಅದು ಹೋಗುವುದಿಲ್ಲ, ಆರ್‌ಒ ಹಾಕಿದರೆ ಹೋಗುತ್ತದೆ.

ಹಾಗಾಗಿ ಈ ಬೇಸಿಗೆಯಲ್ಲೇ ಒಂದು ಕೆಲಸ ಮಾಡಿ. ಮಾವನವರ ಬೋರ್ ಅರ್ಧ ಗಂಟೆ ಓಡಿಸಿ, ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆದು, ಬಾಯಿ ತನಕ ತುಂಬಿ ಲ್ಯಾಬಿಗೆ ಕೊಡಿ. ಕೊಡುವಾಗ ಯುರೇನಿಯಂ ನೋಡಬೇಕು ಅಂತ ಬಾಯಿಬಿಟ್ಟು ಹೇಳಿ. ಮಾಮೂಲಿ ನೀರಿನ ಟೆಸ್ಟಿನಲ್ಲಿ ಅದನ್ನು ನೋಡುವುದಿಲ್ಲ. ರಿಪೋರ್ಟಿನ ಮೇಲೆ ಸರ್ವೆ ನಂಬರ್, ಬೋರಿನ ಆಳ, ತಾರೀಖು ಬರೆಸಿ. ಪಕ್ಕದ ಹೊಲದವರಿಗೂ ಹೇಳಿ, ನಾಲ್ಕಾರು ಜನ ಸೇರಿ ಕೊಟ್ಟರೆ ಖರ್ಚೂ ಕಡಿಮೆ. ಒಂದು ಪ್ರತಿಯನ್ನು ಪಂಚಾಯಿತಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಇನ್ನೊಂದನ್ನು ಹೊಲದ ಪಟ್ಟಾ ಪಾಸ್‌ಬುಕ್ಕಿನ ಜೊತೆಗೇ ಇಡಿ.