ಭಾರದ ಮೈ, ಚುರುಕಿನ ಕಾಲು: ಜನರ ಪ್ರೀತಿ ಎಷ್ಟು ಕಾಲ?

ಟಿವಿಯಲ್ಲಿ ಬರುವ ಡಬ್ಲ್ಯುಡಬ್ಲ್ಯುಇ ಕುಸ್ತಿಯಲ್ಲಿ ನೂರೈವತ್ತು ಕಿಲೋ ತೂಗುವ ಪೈಲ್ವಾನ ಹಗುರ ಮೈಯವನ ಹಾಗೆ ಹಾರಿ ಜನರನ್ನು ಗೆಲ್ಲುತ್ತಾನಲ್ಲ, ಆ ಪ್ರೀತಿ ವರ್ಷಗಟ್ಟಲೆ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಉಳಿಯುತ್ತದೆ. ಆದರೆ ಹಾರುವುದರಲ್ಲಿ ಅವನು ಜಿಪುಣನಾಗಿರಬೇಕು.

ನಾನು ವಿರಾಜಪೇಟೆ ಕಡೆಯವನು. ನಮಗೆ ಈ ಹುಚ್ಚು ಹತ್ತಿಸಿದ್ದು ಪೈಲ್ವಾನರ ಚಿತ್ರ, ಅಳತೆಗಳಿದ್ದ ಟ್ರಂಪ್ ಕಾರ್ಡ್. ಜುಲೈ ಮಳೆಗೆ ಶಾಲೆಗೆ ರಜೆ ಸಿಕ್ಕರೆ, ಕರೆಂಟಿಲ್ಲದ ಮನೆಯಲ್ಲಿ ಒಲೆ ಪಕ್ಕ ಕೂತು ಎತ್ತರ, ತೂಕ, ಎದೆ ಸುತ್ತಳತೆ ಅಂತ ಕೂಗಿ ಕಾರ್ಡ್ ಗೆಲ್ಲುತ್ತಿದ್ದೆವು. ಚುರುಕುತನಕ್ಕೆ ಅದರಲ್ಲಿ ಅಂಕವೇ ಇರಲಿಲ್ಲ. ಅದು ಕಾಣಬೇಕಾದರೆ ಕರೆಂಟ್ ಬಂದು ಟಿವಿ ಹಾಕಬೇಕು.

ಅಂಡರ್‌ಟೇಕರ್‌ನನ್ನೇ ತಗೊಳ್ಳಿ. ಆರಡಿ ಹತ್ತಿಂಚಿನ ಆಳು. ಎದುರಾಳಿಯ ಕೈ ತಿರುಚಿ ಹಿಡಿದು ಮೂಲೆ ಕಂಬ ಹತ್ತುತ್ತಿದ್ದ. ಮೇಲಿನ ಹಗ್ಗದ ಮೇಲೆ ಒಂದೊಂದೇ ಹೆಜ್ಜೆ. ಬೂಟಿನಡಿ ಹಗ್ಗ ಜಗ್ಗುತ್ತಿತ್ತು, ಅವನಿಗೆ ಮಾತ್ರ ಅವಸರವೇ ಇಲ್ಲ. ನಾವು ಉಸಿರು ಬಿಗಿಹಿಡಿದಿರುವಾಗ ಧುಮುಕಿ ಒಂದೇಟು. ಹಗ್ಗ ದಾಟಿ ಹೊರಗೆ ಹಾರುವುದನ್ನಂತೂ ದೊಡ್ಡ ಪಂದ್ಯಕ್ಕೆ ಎತ್ತಿಡುತ್ತಿದ್ದ. ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕುಸ್ತಿ ಕೂಟವಾದ ರೆಸಲ್‌ಮೇನಿಯಾದಲ್ಲಿ, 2009ರಲ್ಲಿ, ಶಾನ್ ಮೈಕೆಲ್ಸ್ ಎದುರು ಹಾಗೆ ಹಾರಿ ತಲೆ ನೆಲಕ್ಕೆ ಬಡಿದಾಗ ನನ್ನ ಎದೆ ಝಲ್ಲೆಂದಿತ್ತು. 1990ರಿಂದ 2020ರವರೆಗೆ, ಮೂವತ್ತು ವರ್ಷ, ಜನ ಅವನನ್ನು ಬಿಟ್ಟುಕೊಡಲಿಲ್ಲ.

ನಮ್ಮ ಕೊಡವ ಕೌಟುಂಬಿಕ ಹಾಕಿಯಲ್ಲೂ ಇದೇ ಕಂಡಿದ್ದೇನೆ. ಹೊಟ್ಟೆ ಬಂದ, ಐವತ್ತು ದಾಟಿದ ಫುಲ್‌ಬ್ಯಾಕ್ ಒಮ್ಮೆ ಚೆಂಡು ಕಿತ್ತುಕೊಂಡು ಅರ್ಧ ಮೈದಾನ ಓಡಿದರೆ ಗ್ಯಾಲರಿಯೇ ಎದ್ದು ನಿಲ್ಲುತ್ತದೆ. ಪ್ರತಿ ಸಲ ಓಡಿದರೆ ಯಾರೂ ಏಳುವುದಿಲ್ಲ.

ಬರೀ ಹಾರಾಟವನ್ನೇ ನೆಚ್ಚಿಕೊಂಡರೂ ಆಗದು. 2003ರ ರೆಸಲ್‌ಮೇನಿಯಾದಲ್ಲಿ ಬ್ರಾಕ್ ಲೆಸ್ನರ್ ಕಂಬದ ಮೇಲಿಂದ ಪಲ್ಟಿ ಹೊಡೆಯಹೋಗಿ ತಲೆಕೆಳಗಾಗಿ ಬಿದ್ದ. ಹೇಗೋ ಸಾವರಿಸಿಕೊಂಡು ಕರ್ಟ್ ಆ್ಯಂಗಲ್ ವಿರುದ್ಧ ಗೆದ್ದ. ಆ ಪಲ್ಟಿ ಇಲ್ಲದೆಯೂ ಅವನ ಹೆಸರು ಬೆಳೆಯಿತು, ಎತ್ತಿ ಒಗೆಯುವ ಬಲ ಇತ್ತಲ್ಲ. ಇನ್ನು ಫಲಿತಾಂಶ ಮೊದಲೇ ಬರೆದಿಡುವ ಆಟ ಇದು, ನಡೆಸುವವರ ಮನಸ್ಸೂ ಬೇಕು. ಅಷ್ಟು ಭಾರದ ದೇಹದಲ್ಲೂ ಕೈಯೂರಿ ಚಕ್ರದಂತೆ ಉರುಳುವ ಕಾರ್ಟ್‌ವೀಲ್ ಹಾಕುತ್ತಿದ್ದ ಬ್ಯಾಮ್ ಬ್ಯಾಮ್ ಬಿಗೆಲೋ 1995ರ ರೆಸಲ್‌ಮೇನಿಯಾದ ಕೊನೆಯ ಪಂದ್ಯದಲ್ಲಿ ಲಾರೆನ್ಸ್ ಟೇಲರ್ ಎಂಬ ಅಮೆರಿಕನ್ ಫುಟ್‌ಬಾಲ್ ಆಟಗಾರನಿಗೆ ಸೋಲಬೇಕಾಯಿತು. ಅದು ನನಗೆ ಈಗಲೂ ಅನ್ಯಾಯ ಅನಿಸುತ್ತದೆ.

ಈಗಿನವರಲ್ಲಿ ನನಗಿಷ್ಟ ಬ್ರಾನ್ಸನ್ ರೀಡ್. 2024ರ ಆಗಸ್ಟಿನಲ್ಲಿ ಸೆತ್ ರಾಲಿನ್ಸ್ ಮೇಲೆ ಒಂದೇ ರಾತ್ರಿ ಆರು ಸಲ ಕಂಬದಿಂದ ಹಾರಿ ಬಿದ್ದ. ಜನ ಹುಚ್ಚೆದ್ದರು. ನವೆಂಬರಿನಲ್ಲಿ ಕಣದ ಸುತ್ತ ಕಬ್ಬಿಣದ ಪಂಜರ ಕಟ್ಟಿ ಆಡುವ ಪಂದ್ಯದಲ್ಲಿ ಆ ಪಂಜರದ ನೆತ್ತಿಯಿಂದಲೇ ಹಾರಿ ಪಾದ ಮುರಿದುಕೊಂಡ, ತಿಂಗಳುಗಟ್ಟಲೆ ಹೊರಗುಳಿದ. 2025ರಲ್ಲಿ ಮರಳಿ ಬಂದಿದ್ದಾನೆ. ಈಗ ಅವನು ಕಂಬ ಹತ್ತುವಾಗ ನನ್ನ ಕಣ್ಣು ಹೋಗುವುದು ಆ ಪಾದದ ಮೇಲೆ.