‘ಒಂದು ಹನಿ ರಕ್ತದಲ್ಲಿ ಕ್ಷಯದ ಸುಳಿವು’: ಮಂಡ್ಯದ ಬರಹಗಾರರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಕ್ಷಯವನ್ನು ಪತ್ತೆಹಚ್ಚುವ ಹೊಸ ಬಗೆಯ ರಕ್ತಪರೀಕ್ಷೆಯ ಕುರಿತು ನೀವು ಕಳುಹಿಸಿದ ‘ಒಂದು ಹನಿ ರಕ್ತದಲ್ಲಿ ಕ್ಷಯದ ಸುಳಿವು’ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ತಿದ್ದಿ ಬರೆದರೆ ಪ್ರಕಟಿಸಬೇಕೆಂಬ ಆಸೆ ಇರುವುದರಿಂದ ಒಂದು ಸಾಲಿನ ವಿಷಾದಪತ್ರದ ಬದಲು ಈ ಉತ್ತರ ಬರೆಯುತ್ತಿದ್ದೇನೆ.

ಲೇಖನದ ಜೀವ ಇರುವುದು ನಾಲ್ಕನೆಯ ಪುಟದಲ್ಲಿ. ಕತ್ತಿನಲ್ಲಿ ಗಂಟು, ಸಂಜೆಯಾದರೆ ಜ್ವರ, ದಿನೇ ದಿನೇ ಇಳಿಯುವ ಮೈತೂಕ, ಆದರೆ ಕೆಮ್ಮಿಲ್ಲ, ಕಫವೂ ಇಲ್ಲ. ಹಾಗಾಗಿ ತಿಂಗಳುಗಟ್ಟಲೆ ರೋಗ ಪತ್ತೆಯಾಗದೆ ಅಲೆದ ಮದ್ದೂರು ಕಡೆಯ ಆ ಮಹಿಳೆಯ ಪ್ರಸಂಗವೇ ರಕ್ತಪರೀಕ್ಷೆ ಏಕೆ ಬೇಕು ಎಂಬುದನ್ನು ಹೇಳಿಬಿಡುತ್ತದೆ. ಕಫ ತೆಗೆದುಕೊಡಲಾರದ ಮಕ್ಕಳ ಕಷ್ಟವೂ ಅದೇ. ಅಂಥ ಪ್ರಸಂಗಕ್ಕೆ ನೀವು ಮೂರೇ ಸಾಲು ಕೊಟ್ಟು, 1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾ ಪತ್ತೆಯನ್ನು ಪ್ರಕಟಿಸಿದ ಕಥೆಗೆ ಎರಡು ಪುಟ ಕೊಟ್ಟಿದ್ದೀರಿ. ಮೈಸೂರಿನ ಕೆ.ಆರ್.ಎಸ್. ರಸ್ತೆಯ ಕ್ಷಯ ಆಸ್ಪತ್ರೆಯಾದ ಪಿಕೆಟಿಬಿ ಸ್ಯಾನಿಟೋರಿಯಂ ಕುರಿತ ಪ್ಯಾರಾ ಚೆನ್ನಾಗಿದೆ, ಆದರೆ ಅದು ಬೇರೆಯೇ ಲೇಖನಕ್ಕೆ ಸೇರಿದ್ದು, ಎತ್ತಿಟ್ಟುಕೊಳ್ಳಿ. ಮಹಿಳೆಯ ಊರಿನ ಹೆಸರನ್ನು ಮಾತ್ರ ತೆಗೆದುಬಿಡಿ, ಏಕೆಂದರೆ ಅಷ್ಟು ಸಣ್ಣ ಊರಿನಲ್ಲಿ ವ್ಯಕ್ತಿಯ ಹೆಸರು ಬದಲಿಸಿದರೂ ಗುರುತು ಸಿಕ್ಕಿಬಿಡುತ್ತದೆ.

ಇನ್ನು ಮುಖ್ಯ ತಕರಾರು. ‘ರಕ್ತದಲ್ಲಿ ಅಡಗಿರುವ ಕ್ಷಯದ ಕ್ರಿಮಿಯನ್ನು ಈ ಪರೀಕ್ಷೆ ಹಿಡಿದು ತೋರಿಸುತ್ತದೆ’ ಎಂದು ಬರೆದಿದ್ದೀರಿ. ನೀವು ವಿವರಿಸುತ್ತಿರುವ ಪರೀಕ್ಷೆ ಕ್ರಿಮಿಯನ್ನು ನೋಡುವುದೇ ಇಲ್ಲ. ಕ್ರಿಮಿಯ ವಿರುದ್ಧ ನಮ್ಮ ಬಿಳಿ ರಕ್ತಕಣಗಳಲ್ಲಿ ಯಾವ ಜೀನ್‌ಗಳು ಚುರುಕಾಗಿವೆ, ಯಾವುವು ಮಂಕಾಗಿವೆ ಎಂಬುದನ್ನು, ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ನಕಲಾದ ಆರ್‌ಎನ್‌ಎ ಪ್ರಮಾಣದಿಂದ ಅಳೆಯುತ್ತದೆ. 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ, ಲಂಡನ್ ಮತ್ತು ದಕ್ಷಿಣ ಆಫ್ರಿಕಾದ ರೋಗಿಗಳ ಅಧ್ಯಯನವು ಇಂಥ 393 ಆರ್‌ಎನ್‌ಎಗಳ ಏರಿಳಿತವನ್ನು ಗುರುತಿಸಿ, ಅದರ ಹಿಂದೆ ಮುಖ್ಯವಾಗಿ, ಸೋಂಕು ತಗುಲಿದಾಗ ದೇಹ ಎಬ್ಬಿಸುವ ರಕ್ಷಣೆಯಾದ ಇಂಟರ್‌ಫೆರಾನ್ ಪ್ರತಿಕ್ರಿಯೆ ಇದೆಯೆಂದು ತೋರಿಸಿತು. 2016ರಲ್ಲಿ ಮತ್ತೊಂದು ತಂಡ ಮೂರೇ ಜೀನ್‌ಗಳ, ಅಂದರೆ ಜಿಬಿಪಿ5, ಡಿಯುಎಸ್‌ಪಿ3, ಕೆಎಲ್‌ಎಫ್2 ಎಂಬುವುಗಳ, ಏರಿಳಿತದಿಂದ ರೋಗವನ್ನು ಗುರುತಿಸುವ ಸೂಚಕವನ್ನು ರೂಪಿಸಿತು. ನೀವು ಈ ಎರಡನ್ನೂ ಹೆಸರಿಸಿದ್ದೀರಿ. ಆದರೆ ಇಂಟರ್‌ಫೆರಾನ್ ಪ್ರತಿಕ್ರಿಯೆ ಕ್ಷಯಕ್ಕೆ ಮೀಸಲಾದದ್ದಲ್ಲ, ವೈರಸ್ ಜ್ವರದಲ್ಲೂ ಅದು ಏರುತ್ತದೆ ಎಂಬುದನ್ನು ಹೇಳಿಲ್ಲ. ಕ್ಷಯ ರೋಗಿಗಳನ್ನು ಗಟ್ಟಿಮುಟ್ಟಾದ ಆರೋಗ್ಯವಂತರ ಪಕ್ಕದಲ್ಲಿಟ್ಟರೆ ಎಂಥ ಸೂಚಕವೂ ಗೆದ್ದುಬಿಡುತ್ತದೆ. ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ಕೆಮ್ಮುತ್ತಾ ನಿಂತವರಲ್ಲಿ ಯಾರದು ಕ್ಷಯ, ಯಾರದು ನ್ಯುಮೋನಿಯಾ, ಯಾರದು ಬರೀ ಫ್ಲೂ ಎಂದು ಬೇರ್ಪಡಿಸುವುದು ನಿಜವಾದ ಪರೀಕ್ಷೆ. ಹೀಗಾಗಿ ಯಾವುದೇ ಅಧ್ಯಯನದ ಅಂಕಿ ಕೊಡುವಾಗ ಯಾರನ್ನು ಯಾರೊಡನೆ ಹೋಲಿಸಿದರು ಎಂಬುದನ್ನು ಅದೇ ವಾಕ್ಯದಲ್ಲಿ ಹೇಳಿ. ನಿಮ್ಮ ಲೇಖನದಲ್ಲಿ ಒಂದು ಕಡೆಯೂ ಅದು ಬಂದಿಲ್ಲ.

‘ಶೇಕಡ 90ರಷ್ಟು ನಿಖರ’ ಎಂಬ ಮಾತೂ ಓದುಗರನ್ನು ದಾರಿ ತಪ್ಪಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ, ಶಂಕಿತರನ್ನು ಜರಡಿ ಹಿಡಿಯುವ ಮೊದಲ ಹಂತದ ಪರೀಕ್ಷೆಯು ಕ್ಷಯ ಇರುವ 100 ಜನರಲ್ಲಿ ಕನಿಷ್ಠ 90 ಮಂದಿಯನ್ನು ಹಿಡಿಯಬೇಕು, ಇಲ್ಲದ 100 ಜನರಲ್ಲಿ ಕನಿಷ್ಠ 70 ಮಂದಿಗೆ ಇಲ್ಲವೆಂದು ಹೇಳಬೇಕು ಎಂಬ ಗುರಿ ಇಟ್ಟಿತು. ಈ ಗುರಿಯನ್ನು ಸರಿಯಾಗಿ ಮುಟ್ಟಿದ ಪರೀಕ್ಷೆಯನ್ನು 1,000 ಜನರಿಗೆ ಮಾಡಿದೆವೆನ್ನಿ. ಅವರಲ್ಲಿ 10 ಮಂದಿಗೆ ಕ್ಷಯವಿದೆ. 9 ಮಂದಿ ಸಿಗುತ್ತಾರೆ, ಒಬ್ಬರು ತಪ್ಪಿಸಿಕೊಳ್ಳುತ್ತಾರೆ, ಜೊತೆಗೆ ರೋಗವಿಲ್ಲದ 990 ಜನರಲ್ಲಿ 297 ಮಂದಿಗೂ ಪಾಸಿಟಿವ್ ಬರುತ್ತದೆ. ಒಟ್ಟು 306 ಪಾಸಿಟಿವ್‌ಗಳಲ್ಲಿ ನಿಜವಾದ ರೋಗಿಗಳು 9 ಮಾತ್ರ. ಅದೇ 1,000 ಜನರಲ್ಲಿ 100 ಮಂದಿಗೆ ಕ್ಷಯ ಇದ್ದರೆ 360 ಪಾಸಿಟಿವ್‌ಗಳಲ್ಲಿ 90 ನಿಜವಾಗುತ್ತವೆ. ಪರೀಕ್ಷೆ ಬದಲಾಗಿಲ್ಲ, ಜನ ಬದಲಾಗಿದ್ದಾರೆ. ಈ ಲೆಕ್ಕ ಲೇಖನದಲ್ಲಿ ಇರಲೇಬೇಕು. ನಮ್ಮ ಓದುಗರಿಗೆ ಗಣಿತ ಕಷ್ಟವಾಗುತ್ತದೆಂಬ ಭಯ ಬೇಡ.

ಮೈಸೂರಿನ ಹಿರಿಯ ಓದುಗರು ಕೇಳುವ ಪ್ರಶ್ನೆಯೊಂದು ಇನ್ನೂ ಉಳಿದಿದೆ: ಕ್ಷಯಕ್ಕೆ ರಕ್ತಪರೀಕ್ಷೆಯನ್ನು ಸರ್ಕಾರವೇ ನಿಷೇಧಿಸಿತ್ತಲ್ಲವೇ? ಹೌದು. ಖಾಸಗಿ ಲ್ಯಾಬುಗಳಲ್ಲಿ ನಡೆಯುತ್ತಿದ್ದ, ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆಗಳನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು, 2012ರಲ್ಲಿ ಭಾರತ ಅವನ್ನು ನಿಷೇಧಿಸಿತು. ಸೋಂಕು ಮೈಯಲ್ಲಿ ಸುಮ್ಮನೆ ಮಲಗಿದೆಯೋ, ರೋಗವಾಗಿ ಎದ್ದಿದೆಯೋ ಎಂಬುದನ್ನು ಪ್ರತಿಕಾಯಗಳು ನೆಚ್ಚಬಹುದಾದಷ್ಟು ಖಚಿತವಾಗಿ ಹೇಳುತ್ತಿರಲಿಲ್ಲ. ಕ್ಷಯದ ಸೋಂಕು ತಗುಲಿದೆಯೇ ಎಂದು ನೋಡುವ ಇಗ್ರಾ ರಕ್ತಪರೀಕ್ಷೆ ಮತ್ತು ಮ್ಯಾಂಟೋ ಚರ್ಮ ಪರೀಕ್ಷೆಗಳ ಮಿತಿಯೂ ಇಲ್ಲೇ ಇದೆ. ಹೊಸ ಸೂಚಕಗಳ ಮೇಲೆ ಭರವಸೆ ಮೂಡಿರುವುದು ಅವು ಈ ಹೊತ್ತಿನ ಸ್ಥಿತಿಯನ್ನು ಹೇಳಬಲ್ಲವು ಎಂಬ ಕಾರಣಕ್ಕೆ. ಈ ವ್ಯತ್ಯಾಸವನ್ನು ವಿವರಿಸದಿದ್ದರೆ ಹಳೆಯ ಸರಕನ್ನೇ ಹೊಸ ಹೆಸರಿನಲ್ಲಿ ಮಾರುತ್ತಿದ್ದೀರೆಂಬ ಅನುಮಾನ ಬರುತ್ತದೆ.

‘ಇನ್ನು ಕಫ ಪರೀಕ್ಷೆಯ ಕಾಲ ಮುಗಿಯಿತು’ ಎಂಬ ವಾಕ್ಯವನ್ನು, ಅದರ ಹಿಂದುಮುಂದಿನ ‘ಕ್ರಾಂತಿ’ಗಳನ್ನೂ ಹೊಡೆದುಹಾಕಿ. ಜೀನ್‌ಎಕ್ಸ್‌ಪರ್ಟ್ ಯಂತ್ರ ಕಫದಲ್ಲಿ ಬ್ಯಾಕ್ಟೀರಿಯಾವನ್ನೇ ಗುರುತಿಸಿ, ರಿಫಾಂಪಿಸಿನ್ ಔಷಧಕ್ಕೆ ಅದು ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ಸುಮಾರು ಎರಡು ಗಂಟೆಯಲ್ಲಿ ತಿಳಿಸುತ್ತದೆ. ದೇಹದ ಪ್ರತಿಕ್ರಿಯೆಯನ್ನಷ್ಟೇ ಅಳೆಯುವ ರಕ್ತಪರೀಕ್ಷೆಗೆ ಈ ಎರಡನೆಯ ಕೆಲಸ ಆಗದು. ನಿಮ್ಮ ವಾಕ್ಯವನ್ನು ನಂಬಿ ಯಾರಾದರೂ ಕಫ ಕೊಡದೆ ಮನೆಯಲ್ಲಿ ಕುಳಿತರೆ ಅದರ ಹೊಣೆ ಪತ್ರಿಕೆಯದೂ ಆಗುತ್ತದೆ. ಎರಡು ವಾರ ಮೀರಿದ ಕೆಮ್ಮು ಇರುವವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತವಾಗಿ ಸಿಗುತ್ತದೆ ಎಂಬ ಮಾಹಿತಿ ಅಲ್ಲಿ ಸೇರಲಿ.

ತಿದ್ದಿದ ಪ್ರತಿ 1,200 ಪದಗಳೊಳಗಿರಲಿ. ಅಚ್ಚಿಗೆ ಹೋಗುವ ಮುನ್ನ ಅದನ್ನು ಒಬ್ಬ ಶ್ವಾಸಕೋಶ ತಜ್ಞರಿಗೆ ತೋರಿಸುತ್ತೇನೆ; ಅವರ ಆಕ್ಷೇಪಗಳೇನಾದರೂ ಇದ್ದರೆ ನಿಮಗೇ ನೇರವಾಗಿ ಕಳುಹಿಸಿಕೊಡುತ್ತೇನೆ.

ಇಂತು,
ಸಂಪಾದಕ
ಮೈಸೂರು